ಪ್ರತಿಕ್ರಿಯೆ: ಚಾರ್ಟ್‌ನಲ್ಲಿ ಟೊಮೆಟೊಗೆ ಯಾವ ವೈಜ್ಞಾನಿಕ ಹೆಸರು ಬರೆಯಬೇಕು?

ನೀವು ಕೇಳಿದ ಹಾಗೆ ಟೊಮೆಟೊಗೆ ಒಂದು ಪುಸ್ತಕದಲ್ಲಿ ಸೊಲಾನಮ್ ಲೈಕೊಪರ್ಸಿಕಮ್, ಇನ್ನೊಂದರಲ್ಲಿ ಲೈಕೊಪರ್ಸಿಕಾನ್ ಎಸ್ಕುಲೆಂಟಮ್ ಅಂತ ಇರುವುದು ಮುದ್ರಣದ ತಪ್ಪಲ್ಲ, ಎರಡನೆಯದು ಬಹುಶಃ ಹಳೆಯ ಪುಸ್ತಕ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಟೊಮೆಟೊವನ್ನು ಆಲೂಗಡ್ಡೆ, ಬದನೆಗಳ ಜೊತೆ ಸೊಲಾನಮ್ ಕುಲಕ್ಕೇ (ಕುಲ ಅಂದರೆ ಹತ್ತಿರದ ಪ್ರಭೇದಗಳ ಗುಂಪು) ಸೇರಿಸಿ ಮೊದಲನೆಯ ಹೆಸರು ಕೊಟ್ಟಿದ್ದ. ಇಂಗ್ಲೆಂಡಿನ ಸಸ್ಯವಿಜ್ಞಾನಿ ಮಿಲ್ಲರ್ ಅದು ಬೇರೆಯೇ ಕುಲ ಅಂತ ಎಣಿಸಿ 1768ರಲ್ಲಿ ಎರಡನೆಯ ಹೆಸರು ಕೊಟ್ಟ, ಅದೇ ತುಂಬಾ ಕಾಲ ಚಾಲ್ತಿಯಲ್ಲಿತ್ತು. ಆಮೇಲೆ ಡಿಎನ್‌ಎ ಹೋಲಿಸಿ ನೋಡಿದರೆ ಟೊಮೆಟೊ ಸೊಲಾನಮ್ ಒಳಗೇ ಬಂತು, ಅದೂ ಆಲೂಗಡ್ಡೆಗೆ ತೀರಾ ಹತ್ತಿರ. ಲಿನೇಯಸ್ ಕೊಟ್ಟ ಹೆಸರೇ ವಾಪಸ್ ಬಂದದ್ದು ಒಳ್ಳೆಯದೇ ಆಯ್ತು, ಈಗ ಹೆಸರಿನಲ್ಲೇ ನಂಟು ಕಾಣುತ್ತದೆ ಅಲ್ವಾ.

ಮೊದಲು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್ ತಾಣದಲ್ಲಿ ಎರಡೂ ಹೆಸರು ಹಾಕಿ ಹುಡುಕಿ. ಒಂದು ಅಂಗೀಕೃತ ಹೆಸರು ಅಂತ, ಇನ್ನೊಂದು ಅದರ ಸಮಾನನಾಮ (ಅದೇ ಗಿಡದ ಇನ್ನೊಂದು ಹೆಸರು) ಅಂತ ತೋರಿಸುತ್ತದೆ. ಅಂಗೀಕೃತ ಹೆಸರನ್ನು ಚಾರ್ಟ್‌ನಲ್ಲಿ ಬರೆಯಿರಿ, ಬೇಕಿದ್ದರೆ ಇನ್ನೊಂದನ್ನು ಕೆಳಗೆ ಚಿಕ್ಕದಾಗಿ ಹಾಕಿ. ಲ್ಯಾಟಿನ್ ಲಿಪಿಯಲ್ಲಿ ಬರೆಯುವಾಗ ಮೊದಲ ಪದವಾದ ಕುಲದ ಹೆಸರಿನ ಮೊದಲ ಅಕ್ಷರ ದೊಡ್ಡದು, ಎರಡನೆಯ ಪದವಾದ ಪ್ರಭೇದದ್ದು ಚಿಕ್ಕದು, ಕೈಬರಹವಾದರೆ ಎರಡೂ ಪದಕ್ಕೆ ಬೇರೆಬೇರೆಯಾಗಿ ಅಡಿಗೆರೆ ಎಳೆಯಿರಿ. ಕುಟುಂಬ, ಅಂದರೆ ಕುಲಗಳ ದೊಡ್ಡ ಗುಂಪು, ಹೇಗೂ ಸೊಲನೇಸಿಯೇ. ಪರೀಕ್ಷೆಗೂ ಇದೇ ಹೆಸರು ನಡೆಯುತ್ತದಾ ಅಂತ ಮಾತ್ರ ಮೇಷ್ಟ್ರನ್ನು ಒಮ್ಮೆ ಕೇಳಿಬಿಡಿ.