ಲ್ಯೂಬ್ ಹಚ್ಚಿದ ಸೀಸದ ಗುಂಡಿನ ತೋಟಾ ಸೆಕೆಯಲ್ಲಿ ಒಸರಿದರೆ ಏನು ಮಾಡಬೇಕು, ಎಲ್ಲಿಡಬೇಕು

ನೀವು ಕೇಳಿದ್ದು ಇಷ್ಟು. ಟೆಕ್ಸಸ್‌ನ ನಿಮ್ಮ ಮನೆಯ ಗ್ಯಾರೇಜ್‌ನಲ್ಲಿ, ನೀವೇ ತುಂಬಿದ 38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೀರಿ. ಎರಕದ ಸೀಸದ ಗುಂಡು, ಅದರ ಸುತ್ತ ಇರುವ ಗ್ರೂವ್‌ನಲ್ಲಿ (ಗೀರಿನಲ್ಲಿ) ಆಲಾಕ್ಸ್ ಎಂಬ ಜಿಡ್ಡು ಮತ್ತು ಜೇನುಮೇಣ ಬೆರೆಸಿದ ಲ್ಯೂಬ್, ಅಂದರೆ ಬ್ಯಾರಲ್‌ಗೆ ಸೀಸ ಅಂಟದಂತೆ ಹಚ್ಚುವ ಜಿಡ್ಡು. ಬೇಸಿಗೆ ಮುಗಿದ ಮೇಲೆ ಡಬ್ಬಿ ತೆಗೆದರೆ ಕೇಸಿನ (ಮದ್ದು ತುಂಬುವ ಹಿತ್ತಾಳೆ ಕೊಳವೆಯ) ಬಾಯಿ ಸುತ್ತ ಜಿಡ್ಡು ಒಸರಿದೆ. ಇವನ್ನು ಹೊಡೆಯಬಹುದಾ? ಮುಂದೆ ಗುಂಡಿನ ಮೂತಿ ಮೇಲೆ ಮಾಡಿ ಇಡಬೇಕಾ, ಕೆಳಗೆ ಮಾಡಿ ಇಡಬೇಕಾ?

ಮೊದಲು ಒಸರಿದ ಡಬ್ಬಿಯ ಮಾತು. ಅದನ್ನು ಪಕ್ಕಕ್ಕಿಡಿ. ರೇಂಜ್‌ಗೆ ಒಯ್ಯಬೇಡಿ. ಹೊರಗೆ ಕಾಣುವ ಜಿಡ್ಡು ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಅದರಿಂದ ತೊಂದರೆ ಇಲ್ಲ. ಆದರೆ ಹೊರಗೆ ಬಂದ ಲ್ಯೂಬ್ ಒಳಗೂ ಇಳಿದಿರಬಹುದು ಅಲ್ವಾ? ಒಳಗೆ ಇಳಿದರೆ ಅದು ಸೇರುವುದು ಮದ್ದಿಗೆ. ಜಿಡ್ಡು ಕುಡಿದ ಮದ್ದು ಸರಿಯಾಗಿ ಉರಿಯುವುದಿಲ್ಲ. ಆಗ ಗುಂಡು ಬ್ಯಾರಲ್ ದಾಟಿ ಹೋಗದೆ ಮಧ್ಯದಲ್ಲೇ ಸಿಕ್ಕಿಕೊಳ್ಳಬಹುದು. ಇದೇ ಸ್ಕ್ವಿಬ್. ಅದು ಗೊತ್ತಾಗದೆ ಮುಂದಿನ ಗುಂಡು ಹೊಡೆದರೆ ಬ್ಯಾರಲ್ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಕೈ, ಕಣ್ಣು ಎರಡಕ್ಕೂ ಅಪಾಯ. ಒಂದು ಡಬ್ಬಿ ತೋಟಾ ಉಳಿಸಲು ಹೋಗಿ ಇಷ್ಟು ದೊಡ್ಡ ಅಪಾಯಕ್ಕೆ ಕೈ ಹಾಕಬೇಡಿ.

ಹಾಗಂತ ನೋಡದೇ ಎಸೆಯಬೇಕಿಲ್ಲ. ಡಬ್ಬಿಯ ಬೇರೆ ಬೇರೆ ಕಡೆಯಿಂದ ನಾಲ್ಕೈದು ತೆಗೆದು, ಕೇಸಿನಿಂದ ಗುಂಡು ಕಳಚುವ ಪುಲ್ಲರ್‌ನಲ್ಲಿ ಬಿಚ್ಚಿ. ಕಣ್ಣಿಗೆ ಕನ್ನಡಕ ಇರಲಿ. ಸುತ್ತಿಗೆಯಂಥ ಪುಲ್ಲರ್ 38 ಸ್ಪೆಷಲ್‌ನಂಥ ಸೆಂಟರ್‌ಫೈರ್ (ಬುಡದ ನಡುವೆ ಕಿಡಿ ಹೊತ್ತುವ) ತೋಟಾಗೆ ಮಾತ್ರ. ಬುಡದ ಅಂಚಿನಲ್ಲಿ ಕಿಡಿ ಹೊತ್ತುವ ರಿಮ್‌ಫೈರ್ ತೋಟಾವನ್ನು ಅದರಲ್ಲಿ ಯಾವತ್ತೂ ಕುಟ್ಟಬಾರದು. ಬಿಚ್ಚಿದ ಮದ್ದನ್ನು ಬಿಳಿ ಕಾಗದದ ಮೇಲೆ ಸುರಿಯಿರಿ. ಕಾಳು ಕಾಳಾಗಿ, ಒಣಗಿದಂತೆ ಬೀಳಬೇಕು. ಗುಂಡಿನ ಬುಡಕ್ಕೆ ಮದ್ದು ಅಂಟಿಕೊಂಡಿದೆಯಾ, ಗಂಟು ಕಟ್ಟಿದೆಯಾ, ಕೇಸಿನ ಒಳಗೋಡೆಯಲ್ಲಿ ಹೊಳಪು ಜಿಡ್ಡಿದೆಯಾ ನೋಡಿ. ಒಂದರಲ್ಲಿ ಕಂಡರೂ ಆ ಡಬ್ಬಿಯನ್ನು ಪೂರ್ತಿ ಬಿಚ್ಚುವುದೇ ಸರಿ. ಗುಂಡು ಮತ್ತೆ ಕರಗಿಸಬಹುದು, ಕೇಸ್ ತೊಳೆದು ಬಳಸಬಹುದು. ಆ ಮದ್ದನ್ನು ಮಾತ್ರ ಮತ್ತೆ ಡಬ್ಬಕ್ಕೆ ಸುರಿಯಬೇಡಿ.

ಎಲ್ಲವೂ ಒಣಗಿದ್ದರೆ ಉಳಿದವನ್ನು ಅಭ್ಯಾಸಕ್ಕೆ ಬಳಸಿ, ಒಂದೊಂದೇ ನಿಧಾನವಾಗಿ. ಸದ್ದು ಸ್ವಲ್ಪ ಕಮ್ಮಿ ಅನಿಸಿದರೂ ಅಲ್ಲೇ ನಿಲ್ಲಿಸಿ. ಸ್ವಲ್ಪ ಹೊತ್ತು ರಿವಾಲ್ವರ್‌ನ ಮೂತಿ ಗುರಿಯ ಕಡೆಗೇ ಇಟ್ಟುಕೊಳ್ಳಿ. ಆಮೇಲೆ ರಿವಾಲ್ವರ್ ಖಾಲಿ ಮಾಡಿ, ಬ್ಯಾರಲ್‌ನಲ್ಲಿ ಸರಳು ಹಾಕಿ ದಾರಿ ತೆರೆದಿದೆ ಎಂದು ಖಚಿತ ಮಾಡಿಕೊಂಡ ಮೇಲೆಯೇ ಮುಂದಿನದು.

ಗುಂಡಿನ ಮೂತಿ ಮೇಲೋ ಕೆಳಗೋ ಅಂತ ರೀಲೋಡ್ ಮಾಡುವವರು ತುಂಬ ವಾದ ಮಾಡುತ್ತಾರೆ. ಮೂತಿ ಕೆಳಗೆ ಮಾಡಿದರೆ ಕರಗಿದ ಲ್ಯೂಬ್ ಹೊರಗೆ ಹರಿಯುತ್ತದೆ, ನಿಜ. ಆದರೆ ಆಗ ಮದ್ದೆಲ್ಲ ಗುಂಡಿನ ಬುಡಕ್ಕೇ ಒರಗಿ ಕೂತಿರುತ್ತದೆ. ಮೂತಿ ಮೇಲೆ ಮಾಡಿದರೆ ಮದ್ದು ದೂರ ಇರುತ್ತದೆ, ಆದರೆ ಲ್ಯೂಬ್ ತೊಟ್ಟಿಕ್ಕಿದರೆ ನೇರ ಅದರ ಮೇಲೆಯೇ ಬೀಳುತ್ತದೆ. ಹೇಗೆ ಇಟ್ಟರೂ ಲ್ಯೂಬ್ ಕರಗಿದರೆ ಕೆಟ್ಟಿತು, ಕರಗದಿದ್ದರೆ ಏನೂ ಆಗದು. ನಾನು ಮೂತಿ ಕೆಳಗೆ ಮಾಡಿ ಇಡುತ್ತೇನೆ. ಡಬ್ಬಿ ತೆಗೆದ ಕೂಡಲೇ ಪ್ರೈಮರ್‌ಗಳೆಲ್ಲ (ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆಗಳು) ಕಣ್ಣಿಗೆ ಬೀಳುತ್ತವೆ, ಯಾವುದಾದರೂ ಎದ್ದು ಕೂತಿದ್ದರೆ ಗೊತ್ತಾಗುತ್ತದೆ ಅನ್ನುವುದು ಅದಕ್ಕೆ ಕಾರಣ.

ಹಾಗಾಗಿ ಜಾಗ ಬದಲಿಸಿ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ. ಆಲಾಕ್ಸ್ ಬೆರೆತ ಮೇಲೆ ಅದಕ್ಕಿಂತ ಮೊದಲೇ ಮೆತ್ತಗಾಗಿ ಒಸರಲು ಶುರುವಾಗುತ್ತದೆ. ಬೇಸಿಗೆಯಲ್ಲಿ ಅಟ್ಟದಲ್ಲಿ, ಬಿಸಿಲಿಗೆ ನಿಂತ ಕಾರಿನೊಳಗೆ 60 ಡಿಗ್ರಿ, ಅಂದರೆ 140 ಫ್ಯಾರನ್‌ಹೀಟ್, ಮುಟ್ಟುವುದು ದೊಡ್ಡ ಮಾತಲ್ಲ. ತಗಡಿನ ಬಾಗಿಲಿನ ಗ್ಯಾರೇಜ್ ಕೂಡ ಚೆನ್ನಾಗಿ ಕಾಯುತ್ತದೆ. ನಾನಿರುವ ಅರಿಜೋನಾದಲ್ಲಿ ಸೆಕೆ ಇನ್ನೂ ಜಾಸ್ತಿ. ಅದಕ್ಕೆ ಇಲ್ಲಿ ತೋಟಾ ಇರುವುದು ಮನೆಯೊಳಗಿನ ಕ್ಲೋಸೆಟ್‌ನಲ್ಲಿ, ಹೊರಗೋಡೆಗೆ ತಾಗದ ಕಡೆ, ನೆಲದ ಹತ್ತಿರ, ಬೀಗದ ಒಳಗೆ. ನಾವು ಕೂರುವ ಜಾಗ ಎಷ್ಟು ತಂಪೋ ತೋಟಾಗೂ ಅಷ್ಟು ತಂಪು ಬೇಕು. ರೇಂಜ್‌ಗೆ ಹೋಗುವಾಗಲೂ ಟ್ರಂಕ್‌ನಲ್ಲಿ ಇಡೀ ದಿನ ಬಿಡಬೇಡಿ. ಐಸ್ ಇಲ್ಲದ ಖಾಲಿ ಕೂಲರ್‌ನಲ್ಲಿ ಇಟ್ಟು ಒಯ್ದರೂ ತುಂಬ ವ್ಯತ್ಯಾಸ ಆಗುತ್ತದೆ.

ಸೆಕೆ ಕೆಡಿಸುವುದು ಲ್ಯೂಬ್ ಒಂದನ್ನೇ ಅಲ್ಲ. ಹೊಗೆರಹಿತ ಮದ್ದಿನಲ್ಲಿರುವ ನೈಟ್ರೋಸೆಲ್ಯುಲೋಸ್ ತಾನಾಗಿಯೇ ನಿಧಾನ ಕೊಳೆಯುವ ವಸ್ತು. ಅದನ್ನು ತಡೆಯಲು ಡೈಫಿನೈಲಮೈನ್‌ನಂಥದ್ದನ್ನು ಸೇರಿಸಿರುತ್ತಾರೆ. ಬಿಸಿ ಹೆಚ್ಚಿದಷ್ಟೂ ಅದು ಬೇಗ ಖರ್ಚಾಗುತ್ತದೆ. ತಂಪಾಗಿ, ಒಣಗಿದ ಕಡೆ ಇಟ್ಟ ತೋಟಾ ದಶಕಗಳ ಕಾಲ ಬಾಳುತ್ತದೆ.

ತುಂಬುವ ಹಂತದಲ್ಲೇ ಅರ್ಧ ತೊಂದರೆ ತಪ್ಪಿಸಬಹುದು. ಗುಂಡಿಗೆ ಲ್ಯೂಬ್ ಹಚ್ಚಿ ಅಳತೆಗೆ ತರುವ ಲ್ಯೂಬ್‌ಸೈಜರ್‌ನಿಂದ ಬಂದ ಗುಂಡಿನ ಬುಡ ನೋಡಿ. ಅಲ್ಲಿ ಜಿಡ್ಡಿನ ಪದರ ಇದ್ದರೆ ಒರೆಸಿ ಆಮೇಲೆ ಕೂರಿಸಿ, ಯಾಕೆಂದರೆ ಅದು ಮದ್ದಿಗೆ ನೇರ ತಾಗುವ ಜಾಗ. ರೈಫಲ್ ತೋಟಾ ತುಂಬುವವರು ಗುಂಡಿನ ಲ್ಯೂಬ್ ಗ್ರೂವ್ ಕೇಸಿನ ಕತ್ತು ದಾಟಿ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಇಳಿದರೆ ಆ ಲ್ಯೂಬ್ ಮದ್ದಿನ ಮೇಲೇ ತೂಗಾಡುತ್ತಿರುತ್ತದೆ. ಕಂಪನಿಗಳು ಮಾರುವ ಗಟ್ಟಿ ಲ್ಯೂಬ್ ಹಚ್ಚಲು ಹೀಟರ್ ಬೇಕು. ಅದೇ ಕಾರಣಕ್ಕೆ ಅದು ಸೆಕೆಯನ್ನೂ ಚೆನ್ನಾಗಿ ತಡೆಯುತ್ತದೆ. ಲೀ ಕಂಪನಿಯ ಲಿಕ್ವಿಡ್ ಆಲಾಕ್ಸ್ ತೆಳ್ಳಗೆ ಹಚ್ಚಿದರೆ ಹರಿಯುವಷ್ಟು ಇರುವುದಿಲ್ಲ. ಆದರೆ ಅಂಟು ಜಾಸ್ತಿ, ಧೂಳು ಹಿಡಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಮುಚ್ಚಳ ಇರುವ ಡಬ್ಬಿಯಲ್ಲೇ ಇಡಿ.

ನಿಮ್ಮ ಊರಿನ ಸೆಕೆಗೆ ನನ್ನ ಸಲಹೆ ಪೌಡರ್ ಕೋಟಿಂಗ್, ಅಂದರೆ ಲ್ಯೂಬ್ ಬದಲು ಬರಿ ಗುಂಡಿಗೆ, ತೋಟಾದಲ್ಲಿ ಕೂರಿಸುವ ಮೊದಲೇ, ಲೇಪನದ ಪುಡಿ ಹಚ್ಚಿ ಓವನ್‌ನಲ್ಲಿ ಬೇಯಿಸುವುದು. 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಸುಮಾರು 20 ನಿಮಿಷ ಬೇಯಿಸಿದ ಲೇಪನ ಗ್ಯಾರೇಜ್ ಬಿಸಿಗೆ ಕರಗುವ ಪ್ರಶ್ನೆಯೇ ಇಲ್ಲ. ಅದಕ್ಕೆ ಬಳಸುವ ಓವನ್ ಮಾತ್ರ ಅಡುಗೆಮನೆಯದ್ದು ಆಗಬಾರದು.

ಲ್ಯೂಬ್ ಮತ್ತು ಸೆಕೆಯ ಈ ತಲೆನೋವು ಹಳೆಯದು. ಎನ್‌ಫೀಲ್ಡ್ ಬಂದೂಕಿನ ಜಿಡ್ಡು ಸವರಿದ ತೋಟಾಗಳನ್ನು 1853ರಲ್ಲಿ ಇಂಡಿಯಾಕ್ಕೆ ಕಳಿಸಿದ್ದೇ ಅಲ್ಲಿನ ಹವೆಗೆ ಆ ಜಿಡ್ಡು ಹೇಗೆ ತಡೆಯುತ್ತದೆ ಎಂದು ನೋಡಲು. ಅದೇ ಜಿಡ್ಡಿನ ಮಾತು 1857ರಲ್ಲಿ ಎಲ್ಲಿಗೆ ಹೋಯಿತು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ.

ಹಿತ್ತಾಳೆ ಕೇಸಿಗೆ ಅಮೋನಿಯ ಆಗದು. ಇದು ಬೆಳಕಿಗೆ ಬಂದಿದ್ದೂ ಇಂಡಿಯಾದಿಂದಲೇ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಟ್ಟಿತ್ತು. ಮಳೆ ನಿಂತು ತೆಗೆದರೆ ಎಷ್ಟೋ ಕೇಸುಗಳು ಬಿರುಕು ಬಿಟ್ಟಿದ್ದವು, ಅದೂ ಗುಂಡನ್ನು ಬಿಗಿದ ಕಡೆಯಲ್ಲೇ ಜಾಸ್ತಿ. ಕುದುರೆ ಗಂಜಲದ ಅಮೋನಿಯ ಮತ್ತು ಹಿತ್ತಾಳೆಯನ್ನು ಎಳೆದು ಮಾಡುವಾಗ ಒಳಗೆ ಉಳಿದ ಬಿಗಿತ, ಎರಡೂ ಸೇರಿ ಹೀಗಾಗುತ್ತದೆ ಎಂದು 1921ರಲ್ಲಿ ವಿವರಿಸಿದರು. ಆದ್ದರಿಂದ ಅಮೋನಿಯ ಇರುವ ಪಾಲಿಶ್, ಮನೆ ಒರೆಸುವ ದ್ರಾವಣ, ಗೊಬ್ಬರದ ಮೂಟೆ ಇವುಗಳ ಜೊತೆ ತೋಟಾ ಇಡಬೇಡಿ. ಚರ್ಮದ ಬೆಲ್ಟ್‌ನಲ್ಲಿ ಸಿಕ್ಕಿಸಿ ಬಿಟ್ಟರೆ ಹಸಿರು ಕಿಲುಬು ಬರುತ್ತದೆ.

ತೇವಕ್ಕೆ ರಬ್ಬರ್ ಗ್ಯಾಸ್ಕೆಟ್ ಇರುವ ಸ್ಟೀಲ್ ಆಮೋ ಕ್ಯಾನ್, ಒಳಗೆ ಸಿಲಿಕಾ ಜೆಲ್ ಸಾಕು. ತಣ್ಣಗಿರುವ ಕ್ಯಾನ್ ಅನ್ನು ಹೊರಗಿನ ಸೆಕೆಗೆ ಒಯ್ದ ಕೂಡಲೇ ತೆರೆಯಬೇಡಿ, ಒಳಗೆ ನೀರು ಹನಿಗಟ್ಟುತ್ತದೆ. ತುಕ್ಕು ಬರದಿರಲಿ ಎಂದು ತೋಟಾ ಮೇಲೆ ಡಬ್ಲ್ಯೂಡಿ-40ಯಂಥ ಎಣ್ಣೆ ಸಿಂಪಡಿಸುವುದೂ ಬೇಡ. ಅದು ಪ್ರೈಮರ್ ಸಂದಿನಿಂದ ಒಳಗೆ ಇಳಿಯಬಹುದು. ಓಕ್ ಮರದ ಡ್ರಾಯರ್‌ನಲ್ಲಿ ಇಟ್ಟ ಸೀಸದ ಗುಂಡಿನ ಮೇಲೆ ಬಿಳಿ ಪುಡಿ ಬರುತ್ತದೆ, ಮರದಿಂದ ಬರುವ ಹುಳಿ ಆವಿ ಅದಕ್ಕೆ ಕಾರಣ. ಆ ಪುಡಿ ಸೀಸದ ವಿಷವೇ. ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆಯಿರಿ. ಮಕ್ಕಳ ಕೈಗೆ ಸಿಗಲೇಬಾರದು.

ಕರ್ನಾಟಕದಿಂದ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಅಲ್ಲಿ ತೋಟಾ ತಯಾರಿಸಲು 1959ರ ಆಯುಧ ಕಾಯ್ದೆಯ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಕೊಡಗಿನವರಿಗಿರುವ ವಿನಾಯಿತಿ ಬಂದೂಕು ಇಟ್ಟುಕೊಳ್ಳಲು, ಮನೆಯಲ್ಲಿ ತೋಟಾ ತುಂಬಲು ಅಲ್ಲ. ಇಡುವ ಜಾಗದ ಬಗ್ಗೆ ಬರೆದಿದ್ದು ಮಾತ್ರ ಅಂಗಡಿಯಿಂದ ತಂದ ತೋಟಾಗೂ ಅನ್ವಯಿಸುತ್ತದೆ.

ಇನ್ನು ಮುಂದೆ ತುಂಬುವ ಪ್ರತಿ ಡಬ್ಬಿಯ ಮೇಲೂ ತಾರೀಖು, ಗುಂಡಿನ ತೂಕ, ಲ್ಯೂಬ್, ಮದ್ದಿನ ಹೆಸರು ಮತ್ತು ಪ್ರಮಾಣ, ಪ್ರೈಮರ್ ಎಲ್ಲ ಬರೆದಿಡಿ. ಒಂದು ಡಬ್ಬಿ ಒಸರಿದರೆ ಅದರ ಜೊತೆ ತುಂಬಿದ ಉಳಿದವು ಯಾವುವು ಎಂದು ಹುಡುಕಲು ಆ ಚೀಟಿ ಬೇಕೇ ಬೇಕು. ಈಗ ಆ ನಾಲ್ಕೈದು ತೋಟಾ ಬಿಚ್ಚಿದ ಮೇಲೆ ಗುಂಡಿನ ಬುಡ ಮತ್ತು ಕಾಗದದ ಮೇಲಿನ ಮದ್ದು, ಎರಡರ ಫೋಟೋನೂ ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.