ಬಸಿರಿನಲ್ಲೇ ಖಿನ್ನತೆ ಬರುತ್ತದಾ? ಯಾರಿಗೆ ಜಾಸ್ತಿ?

ಬರುತ್ತದೆ. ಹೆರಿಗೆ ಆದಮೇಲೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅದು ತಪ್ಪು. ಹಿಂದೆ ಖಿನ್ನತೆ ಆಗಿದ್ದವರಿಗೆ ಅಪಾಯ ಜಾಸ್ತಿ. ಮೊದಲು ಗರ್ಭಪಾತ ಆಗಿದ್ದರೆ, ಕೈಯಲ್ಲಿ ಕಾಸಿಲ್ಲದಿದ್ದರೆ, ಬೇಡದ ಬಸಿರಾಗಿದ್ದರೆ ಕೂಡ. ನಮ್ಮ ಕಡೆ ಇನ್ನೊಂದಿದೆ: ಮೊದಲನೆಯದು ಹೆಣ್ಣಾಗಿದ್ದರೆ ‘ಈ ಸಲವಾದರೂ ಗಂಡಾಗಲಿ’ ಅಂತ ಸೀಮಂತಕ್ಕೆ ಹಸೆಮಣೆ ಮೇಲೆ ಕೂತವಳ ಎದುರೇ ಹೇಳುತ್ತಾರೆ, ಗಂಡ ಹೊಡೆಯುವ ಮನೆಯಲ್ಲಂತೂ ಕೇಳುವುದೇ ಬೇಡ. ಸುಸ್ತು, ನಿದ್ದೆ ಕೆಡುವುದು ಬಸಿರಲ್ಲಿ ಮಾಮೂಲಿ ಅಲ್ವಾ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಎರಡು ವಾರ ಯಾವುದರಲ್ಲೂ ಮನಸ್ಸಿಲ್ಲ, ಮಗು ಒದ್ದರೂ ಏನೂ ಅನಿಸುತ್ತಿಲ್ಲ ಅಂದರೆ ಡಾಕ್ಟರಿಗೆ ಹೇಳಲೇಬೇಕು. ಮೊದಲಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸುಮ್ನೆ ನೀವೇ ನಿಲ್ಲಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.