ಐದು ವರ್ಷ ತುಂಬಿದರೆ ಮಗ ಅಪ್ಪನ ಪಾಲಿಗಾ?

ಪ್ರಶ್ನೆ: ಹೆಂಡತಿ ವರ್ಷದ ಹಿಂದೆ ತವರಿಗೆ ಹೋದಳು. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ ಕೇಸು ನಡೆಯುತ್ತಿದೆ. ನಾಲ್ಕೂವರೆ ವರ್ಷದ ಮಗ ಅವಳ ಹತ್ತಿರ ಇದ್ದಾನೆ. ತಿಂಗಳ ಮೊದಲ ಮತ್ತು ಮೂರನೇ ಶನಿವಾರ 11ರಿಂದ 1 ಗಂಟೆವರೆಗೆ ಕೋರ್ಟಿನಲ್ಲೇ, ಆಪ್ತ ಸಮಾಲೋಚಕರ ಎದುರು ಮಗನನ್ನು ನೋಡಬೇಕು ಅಂತ ಮಧ್ಯಂತರ ಆದೇಶ ಆಗಿದೆ. ಅವನು ನನ್ನನ್ನು ಕಂಡರೆ ಅಮ್ಮನ ಸೆರಗು ಹಿಡಿದು ಅಳುತ್ತಾನೆ. ನನ್ನ ಮಗನನ್ನು ನೋಡೋಕೆ ನನಗೆ ಕಾವಲು ಯಾಕೆ? ತಿಂಗಳಿಗೆ 8,000 ರೂಪಾಯಿ ಜೀವನಾಂಶ ಮಾತ್ರ ತಪ್ಪದೆ ಕಟ್ಟಬೇಕು. ನಿಲ್ಲಿಸಿಬಿಡಲೇ? ಐದು ವರ್ಷ ತುಂಬಿದ ಮೇಲೆ ಮಗು ತಾನಾಗಿಯೇ ಅಪ್ಪನಿಗೆ ಬರುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ನಿಜವೇ?
– ಹೆಸರು ಬೇಡ, ತುಮಕೂರು

ಉತ್ತರ: ಮೊದಲು ದುಡ್ಡಿನ ವಿಷಯ. ದಯವಿಟ್ಟು ನಿಲ್ಲಿಸಬೇಡಿ. ಜೀವನಾಂಶ ಬೇರೆ, ಭೇಟಿ ಬೇರೆ. ಒಂದು ಸಿಗಲಿಲ್ಲ ಅಂತ ಇನ್ನೊಂದನ್ನು ತಡೆಯುವ ಹಕ್ಕು ನಿಮಗೂ ಇಲ್ಲ, ಅವರಿಗೂ ಇಲ್ಲ. ಬಾಕಿ ಉಳಿಸಿಕೊಂಡರೆ ವಸೂಲಿಗೆ ಅರ್ಜಿ ಬೀಳುತ್ತದೆ, ವಾರಂಟ್‌ವರೆಗೂ ಹೋಗಬಹುದು. ನಾನು ಎದುರು ಪಕ್ಷದ ವಕೀಲೆ ಆಗಿದ್ದರೆ ನೀವು ತಪ್ಪಿಸಿದ ಮೊದಲ ಕಂತನ್ನೇ ಹಿಡಿದುಕೊಂಡು ‘ನೋಡಿ ಸ್ವಾಮಿ, ಮಗನ ಮೇಲಿನ ಪ್ರೀತಿ ಇಷ್ಟೇ’ ಅನ್ನುತ್ತಿದ್ದೆ. ಆ ಅವಕಾಶ ಯಾಕೆ ಕೊಡುತ್ತೀರಿ?

ಐದು ವರ್ಷದ ಮಾತು ಅರ್ಧ ಸತ್ಯ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮು, ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅನ್ನುತ್ತದೆ. ಐದು ತುಂಬಿದ ಮಾರನೇ ದಿನ ಅಪ್ಪನ ಕೈಗೆ ಕೊಡಿ ಅಂತ ಎಲ್ಲೂ ಬರೆದಿಲ್ಲ. ಅದೇ ಕಾಯ್ದೆಯ 13ನೇ ಕಲಮಿನಂತೆ ಮಗುವಿನ ಹಿತವೇ ಮುಖ್ಯ. ಹುಟ್ಟುಹಬ್ಬದ ತಾರೀಕು ನೋಡಿ ಜಡ್ಜ್ ತೀರ್ಮಾನ ಮಾಡುವುದಿಲ್ಲ. ಮಗುವಿಗೆ ತಿಳಿವಳಿಕೆ ಬಂದಿದ್ದರೆ ಅದರ ಇಷ್ಟವನ್ನೂ ಕೇಳಬಹುದು. ಅಂದರೆ ಮುಂದೊಂದು ದಿನ ನಿಮ್ಮ ಮಗನನ್ನು ಜಡ್ಜ್ ತಮ್ಮ ಕೊಠಡಿಗೆ ಕರೆದು ‘ಅಪ್ಪ ಹೇಗೆ ಪುಟ್ಟಾ?’ ಅಂತ ಕೇಳಿಯಾರು. ಆಗ ಅವನು ಏನು ಹೇಳುತ್ತಾನೆ ಅನ್ನುವುದು ಈಗಿನ ಶನಿವಾರಗಳ ಮೇಲೆ ನಿಂತಿದೆ.

ಕಾವಲು ಅಂದಿರಲ್ಲ, ನಾನು ಹಾಗೆ ನೋಡುವುದಿಲ್ಲ. ಗಂಡಂದಿರ ಪರವೂ ಕೇಸು ನಡೆಸಿದ್ದೇನೆ, ಹೆಂಡತಿಯರ ಪರವೂ. ಬಹಳ ದಿನ ದೂರ ಇದ್ದ ಮಗುವಿಗೆ ಅಪ್ಪ ಹೊಸಬನ ಹಾಗೆ. ಮೂರನೆಯವರು ಕೂತಿದ್ದರೆ ನಿಮಗೂ ರಕ್ಷಣೆ. ‘ಮಗುವನ್ನು ಹೆದರಿಸಿದ’ ಅಂತ ನಾಳೆ ಯಾರೂ ಸುಮ್ನೆ ಆರೋಪ ಹೊರಿಸಲಾಗದು. ಕೋರ್ಟ್ ಕೇಳಿದರೆ ಸಮಾಲೋಚಕರು ಕಂಡದ್ದನ್ನು ವರದಿ ಕೊಡುತ್ತಾರೆ.

ಆ ಎರಡು ಗಂಟೆ ಏನು ಮಾಡಬೇಕು? ಕುರ್ಚಿ ಬಿಟ್ಟು ನೆಲದ ಮೇಲೆ ಕೂರಿ. ದೊಡ್ಡ ರಿಮೋಟ್ ಕಾರು ಬೇಡ, ಅವನು ಮನೆಯಲ್ಲಿ ಆಡುತ್ತಿದ್ದ ಹಳೇ ಆಟಿಕೆ ಇದ್ದರೆ ತನ್ನಿ. ಎತ್ತಿಕೊಳ್ಳಲು ಆತುರ ಪಡಬೇಡಿ, ಅವನೇ ಹತ್ತಿರ ಬರಲಿ. ‘ಅಮ್ಮ ನನ್ನ ಬಗ್ಗೆ ಏನಂತಾಳೆ?’ ಅಂತ ಮಾತ್ರ ಕೇಳಲೇಬೇಡಿ. ಅತ್ತರೂ ಮುಂದಿನ ಭೇಟಿ ತಪ್ಪಿಸಬೇಡಿ. ಒಪ್ಪಿಗೆ ಇಲ್ಲದೆ ಮೊಬೈಲಲ್ಲಿ ವಿಡಿಯೊ ಬೇಡ. ಹೆಂಡತಿ ಮಗುವನ್ನು ಕರೆತರದಿದ್ದರೆ ಕಾರಿಡಾರಿನಲ್ಲಿ ಜಗಳ ಆಡದೆ, ನೀವು ಬಂದಿದ್ದನ್ನು ಸಮಾಲೋಚಕರ ಹತ್ತಿರ ಬರೆಸಿ, ವಕೀಲರ ಮೂಲಕ ಮೆಮೊ ಹಾಕಿಸಿ.

ಕೆಲವು ಭೇಟಿ ಚೆನ್ನಾಗಿ ನಡೆದ ಮೇಲೆ ಆದೇಶ ಬದಲಿಸಲು ಐಎ, ಅಂದರೆ ಕೇಸಿನ ನಡುವೆ ಹಾಕುವ ಮಧ್ಯಂತರ ಅರ್ಜಿ, ಹಾಕಿ. ಮಗುವಿನ ಸುಪರ್ದಿಯ ಆದೇಶ ಕಲ್ಲಲ್ಲಿ ಕೆತ್ತಿದ್ದಲ್ಲ, ಪರಿಸ್ಥಿತಿ ಬದಲಾದರೆ ಬದಲಿಸಬಹುದು ಅಂತ ರೋಸಿ ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಒಂದೇ ಸಲ ಎಲ್ಲ ಕೇಳಬೇಡಿ. ಮೊದಲು ಪಾರ್ಕಿನಲ್ಲಿ ಭೇಟಿ, ಆಮೇಲೆ ಇಡೀ ದಿನ, ಕೊನೆಗೆ ರಾತ್ರಿ ಉಳಿಯುವುದು. ಜೊತೆಗೆ ವಿಡಿಯೊ ಕರೆಯನ್ನೂ ಕೇಳಿ. ಯಶಿತಾ ಸಾಹು ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್, ಮಗು ಹತ್ತಿರವಿಲ್ಲದ ಪೋಷಕರಿಗೆ ದಿನವೂ ಐದು-ಹತ್ತು ನಿಮಿಷ ಮಾತಾಡುವ ಹಕ್ಕು ಇರಬೇಕು ಎಂದಿದೆ. ನಿಮಗೆ ಈಗ ಜಾಸ್ತಿ ಉಪಯೋಗ ಆಗುವುದು ಇದೇ. ದಿನಾ ದನಿ ಕೇಳಿದ ಮಗು ಶನಿವಾರ ಅಷ್ಟು ಹೆದರುವುದಿಲ್ಲ.

ಪ್ರಶ್ನೆ: ಮಗ-ಸೊಸೆ ಬೇರೆಯಾಗಿದ್ದಾರೆ. ಮಗ ಕೋರ್ಟಿನಲ್ಲಿ ಮಗಳನ್ನು ನೋಡಲು ಹೋಗುವಾಗ ನಾನೂ ಹೋಗಬಹುದಾ? ಮೊಮ್ಮಗಳ ಹುಟ್ಟುಹಬ್ಬ ಬರುತ್ತಿದೆ.
– ಒಬ್ಬ ಅಜ್ಜಿ, ಹುಬ್ಬಳ್ಳಿ

ಉತ್ತರ: ಆದೇಶದಲ್ಲಿ ಅಪ್ಪನ ಹೆಸರು ಮಾತ್ರ ಇದ್ದರೆ ಹೇಳದೆ ಕೇಳದೆ ಹೋಗಬೇಡಿ ಅಮ್ಮಾ. ಬಾಗಿಲಲ್ಲೇ ತಕರಾರು ಎದ್ದು ಮಗನ ಭೇಟಿಯೂ ಹಾಳಾದೀತು. ನಿಮ್ಮನ್ನೂ ಸೇರಿಸಿಕೊಳ್ಳಲು ಮಗನಿಂದ ಅರ್ಜಿ ಹಾಕಿಸಿ. ಸೊಸೆಯ ಕಡೆಯವರಿಗೆ ಆಕ್ಷೇಪಣೆ ಹಾಕಲು ಸಮಯ ಕೊಡಬೇಕಾಗುತ್ತದೆ. ಹಾಗಾಗಿ ಹುಟ್ಟುಹಬ್ಬದ ಹಿಂದಿನ ವಾರ ಓಡಬೇಡಿ, ಈಗಲೇ ಹಾಕಿಸಿ.